ನಮ್ಮ ಮನೆಯವರ ತಪ್ಪು ಉತ್ತರ

ತಪ್ಪು ಉತ್ತರ ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನಾನು ನಂಬಿದ್ದೇನೆ. ಬಾಯಿಗೆ ಬಂದದ್ದನ್ನು ಸುಮ್ಮನೆ ಅಂದುಬಿಟ್ಟರೆ ಅದು ಬರೀ ಗದ್ದಲ. ಒಳ್ಳೆಯ ತಪ್ಪು ಉತ್ತರದ ಹಿಂದೆ ಅನುಭವವಿರಬೇಕು, ಹೇಳುವವನಿಗೆ ಅದರ ಮೇಲೆ ಪೂರ್ತಿ ಭರವಸೆ ಇರಬೇಕು. ಇವೆರಡೂ ನನ್ನಲ್ಲಿ ಬೇಕಾದಷ್ಟಿವೆ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಿದ್ದಳು. ಅವಳು ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಎಂಟು, ಒಂಬತ್ತನೆಯ ತರಗತಿಯವರಿಗೆ ಭೌತಶಾಸ್ತ್ರ ಕಲಿಸುತ್ತಿದ್ದಳು. ನಾನು ಅದೇ ಊರಿನಲ್ಲಿ ಪಾತ್ರೆ ಅಂಗಡಿ ಇಟ್ಟವನು. ಹತ್ತನೆಯ ತನಕ ಓದಿದ್ದೇನೆ. ವಿಜ್ಞಾನ ನನ್ನನ್ನು ಪಾಸು ಮಾಡಿತೋ, ಬೇಸತ್ತು ಹೊರಗೆ ಕಳಿಸಿತೋ ಇಂದಿಗೂ ತಿಳಿಯದು. ಗಿರಿಜಾ ಹೋದ ವರ್ಷ ತೀರಿಕೊಂಡಳು. ಅಂದಿನಿಂದ ಎಷ್ಟು ತಪ್ಪಿದರೂ ಮನೆಯಲ್ಲಿ ಅದಕ್ಕೆ ಬೆಲೆ ಇಲ್ಲ.

ಆ ಬೆಲೆ ಮೊದಲು ಬಂದದ್ದು ಹೇಗೆಂದು ಹೇಳಬೇಕು. ಒಮ್ಮೆ ಗಿರಿಜಾ ಹಾವೇರಿಯಲ್ಲಿ ನಡೆದ ತರಬೇತಿಗೆ ಹೋಗಿ, ಬರುವಾಗ 'ರೂಪಣಾತ್ಮಕ ಮೌಲ್ಯಮಾಪನ' ಎಂಬ ಹೆಸರನ್ನು ಹೊತ್ತು ತಂದಳು. ಹಾವೇರಿಯಿಂದ ಏಲಕ್ಕಿ ಹಾರ ತರುವವರುಂಟು, ಇಂಥದ್ದನ್ನು ತಂದವಳು ಇವಳೊಬ್ಬಳೇ. "ಇಷ್ಟುದ್ದ ಹೆಸರು ಕೇಳಿದ್ರ ಹುಡುಗ್ರು ಹೆದರಲಾರದ ಇರ್ತಾವೇನು?" ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಹೆದರಬಾರದು ಅಂತನ ಇದನ್ನ ಮಾಡೋದ್ರಿ. ಇಲ್ಲಿ ನೋಡ್ರಿ, ಬಡಿಯೋವಾಗ ರೊಟ್ಟಿ ಅಂಚು ಸೀಳಿತು ಅಂದ್ರ ಕೈಲೆ ಕೂಡಸಬಹುದು. ಹಂಚಿನ ಮ್ಯಾಲ ಹೋದ ಮ್ಯಾಲ ಏನ್ ಮಾಡ್ತೀರಿ? ವರ್ಷದ ಪರೀಕ್ಷಾ ಅಂದ್ರ ಹಂಚು. ಇದು ಇನ್ನಾ ಬಡಿಯೋದು." ಹೀಗೆ ಹೇಳಿ ಒಂದು ಸೀಳನ್ನು ಬೆರಳಿನಿಂದ ಕೂಡಿಸಿ ತೋರಿಸಿದಳು. ನನಗೆ ಅರ್ಥವಾಯಿತು. ರೊಟ್ಟಿಯ ಮೂಲಕ ಹೇಳಿದರೆ ನನಗೆ ಯಾವುದೂ ಅರ್ಥವಾಗುತ್ತದೆ.

ಅವಳ ಪದ್ಧತಿ ಸರಳವಾಗಿತ್ತು. ಪಾಠದ ಕೊನೆಗೆ ಒಂದು ಚಿಕ್ಕ ಪ್ರಶ್ನೆ. ಮಕ್ಕಳು ಚೀಟಿಯಲ್ಲಿ ತಮಗನಿಸಿದ್ದನ್ನೂ, ಯಾಕೆ ಹಾಗನಿಸಿತು ಎಂಬುದನ್ನೂ ಬರೆದುಕೊಡಬೇಕು. ಹೆಸರಿಲ್ಲ, ಮಾರ್ಕ್ಸಿಲ್ಲ. ಆ ಚೀಟಿಗಳನ್ನು ಮನೆಗೆ ತಂದು ಹರವಿಕೊಂಡು ಕೂತರೆ ಮರುದಿನದ ಪಾಠ ಎಲ್ಲಿಂದ ಶುರುವಾಗಬೇಕು ಎಂಬುದು ಅವಳಿಗೆ ಸಿಗುತ್ತಿತ್ತು. ಚೀಟಿ ಒದಗಿಸುವುದು ನನ್ನ ಪಾಲಿನ ಸೇವೆ. ಪಾತ್ರೆ ಅಂಗಡಿಯವನಿಗೆ ಲಗ್ನಪತ್ರಿಕೆಗಳ ಬರವಿಲ್ಲ. ಹಂಡೆ, ಕೊಡ ಕೊಂಡವರೆಲ್ಲ ಪತ್ರಿಕೆ ಕೊಟ್ಟೇ ಹೋಗುತ್ತಾರೆ. ಅವುಗಳ ಖಾಲಿ ಬೆನ್ನನ್ನು ನಾನು ಕತ್ತರಿಸಿ ಕೊಡುತ್ತಿದ್ದೆ. ಬ್ಯಾಡಗಿಯ ಎಷ್ಟೋ ಮಕ್ಕಳು ವೇಗೋತ್ಕರ್ಷದ ಬಗ್ಗೆ ಬರೆದದ್ದು ಯಾರದೋ ಅಕ್ಷತಾರೋಪಣದ ಹಿಂದೆ.

ಆದರೆ ಪ್ರಶ್ನೆಯನ್ನು ಮಕ್ಕಳ ಮುಂದಿಡುವ ಮೊದಲು ಗಿರಿಜಾ ಅದನ್ನು ಅಡಿಗೆಮನೆಯಲ್ಲಿ ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. ಒಂದು ಚಳಿಗಾಲದ ಮುಂಜಾನೆ ಸ್ಟೀಲಿನ ಚರಿಗೆಯನ್ನೂ ಕಟ್ಟಿಗೆಯ ಮಣೆಯನ್ನೂ ಮುಂದಿಟ್ಟು, "ಎರಡೂ ರಾತ್ರಿಯೆಲ್ಲಾ ಇಲ್ಲೇ ಇದ್ವು. ಯಾವುದರ ಉಷ್ಣತೆ ಕಡಿಮಿ ಐತಿ?" ಎಂದು ಕೇಳಿದಳು. ನನಗೆ ನಗು ಬಂತು. ತಲೆಮಾರುಗಳಿಂದ ಪಾತ್ರೆ ಮಾರುವವನಿಗೆ ಈ ಪ್ರಶ್ನೆಯೇ? "ಮುಟ್ಟಿದ್ರ ಗೊತ್ತಾಗೂದಿಲ್ಲೇನು? ಸ್ಟೀಲು ತಣ್ಣಗ ಐತಿ." ಅವಳು ಶಾಲೆಯ ಥರ್ಮಾಮೀಟರ್ ಹಚ್ಚಿ ತೋರಿಸಿದಳು. ಎರಡರದ್ದೂ ಒಂದೇ. "ಥರ್ಮಾಮೀಟರ್ ಕೆಟ್ಟೈತಿ" ಎಂದೆ. ಗಿರಿಜಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ತಡೀರಿ, ಇದನ್ನೂ ಬರಕೋತೀನಿ. ಹುಡುಗ್ರೂ ಹಿಂಗಽ ಅಂತಾವ. ನೀವು ಇರಲಾರದಿದ್ರ ನನಗ ಹೆಂಗ್ ಗೊತ್ತಾಗ್ತಿತ್ತು?" ಸ್ಟೀಲು ನಮ್ಮ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ತಣ್ಣಗೆನಿಸುತ್ತದೆ ಎಂದು ಆಮೇಲೆ ತಿಳಿಸಿದಳು. ನನಗೆ ಹಿಡಿಸಿದ್ದು ಅವಳ ನಗು. ಹೆಂಡತಿಯನ್ನು ನಗಿಸಲು ಗಂಡಸರು ಏನೇನೋ ಕಷ್ಟಪಡುತ್ತಾರೆ. ನನಗೆ ವಿಚಾರ ಮಾಡಿ ಉತ್ತರ ಹೇಳಿದರೆ ಸಾಕಾಗುತ್ತಿತ್ತು.

ಈ ನನ್ನ ಉತ್ತರಗಳು ಅಡಿಗೆಮನೆ ದಾಟಿ ಹೋಗುತ್ತಿದ್ದವು ಎಂಬುದು ನನಗೆ ಗೊತ್ತಾದದ್ದು ಅವಳು ಹೋದ ಮೇಲೆ. ಮಾತಾಡಿಸಲು ಶಾಲೆಯ ಮಕ್ಕಳು ಮನೆಗೆ ಬಂದಿದ್ದರು. ಒಬ್ಬ ಹುಡುಗಿ ಇನ್ನೊಬ್ಬಳ ಕಿವಿಯಲ್ಲಿ, "ಇವರಽ ನೋಡ, ಮೇಡಂ ಅವರ ಮನಿಯವರು" ಎಂದಳು. ಹಿಂದೆ ನಿಂತ ಹುಡುಗನೊಬ್ಬ ತಡೆಯಲಾರದೆ, "ಕಾಕಾ, ಥರ್ಮಾಮೀಟರ್ ಖರೇನ ಕೆಟ್ಟಿತ್ತೇನ್ರಿ?" ಎಂದು ಕೇಳಿಯೇಬಿಟ್ಟ. ಆಗ ತಿಳಿಯಿತು. ಯಾರಾದರೂ ತಪ್ಪು ಬರೆದು ತಲೆ ತಗ್ಗಿಸಿದರೆ ಗಿರಿಜಾ, "ನಮ್ಮ ಮನಿಯವರೂ ಇದನ್ನಽ ಅಂದ್ರು, ಅವರಿಗೆ ಹೆಂಗ್ ತಿಳಿಸಿ ಹೇಳೋಣು?" ಎನ್ನುತ್ತಿದ್ದಳಂತೆ. ನನಗೆ ತಿಳಿಸಿ ಹೇಳುವ ನೆಪದಲ್ಲಿ ಇಡೀ ತರಗತಿ ಕಲಿಯುತ್ತಿತ್ತಂತೆ. ನಾನು ಜೋರಾಗಿ ನಕ್ಕುಬಿಟ್ಟೆ. ಹೊಸರಿತ್ತಿಯಿಂದ ಬಂದಿದ್ದ ನನ್ನ ಮಾವ, ಅಳಿಯನ ತಲೆಗೆ ದುಃಖ ಏರಿದೆ ಎಂದು ತಿಳಿದು ನೀರು ತರಿಸಿದರು. ಆ ನೀರು ಕುಡಿಯುವಾಗ ಮಾತ್ರ ಅಳು ಬಂತು.

ಆಮೇಲೂ ಲಗ್ನಪತ್ರಿಕೆಗಳು ಬರುತ್ತಲೇ ಇದ್ದವು. ಕೈ ತಾನಾಗಿ ಕತ್ತರಿಸುತ್ತಲೇ ಇತ್ತು. ಒಯ್ಯುವವರಿಲ್ಲದ ಚೀಟಿಗಳು ಗಲ್ಲಾದ ಪಕ್ಕದ ಪರಾತದಲ್ಲಿ ಗುಡ್ಡೆ ಬಿದ್ದವು. ಹೀಗಿರುವಾಗ ಒಂದು ಮಧ್ಯಾಹ್ನ ಸವಿತಾ ಎಂಬ ಹೊಸ ಟೀಚರ್ ಅಂಗಡಿಗೆ ಬಂದರು. ಗಿರಿಜಾಳ ಜಾಗಕ್ಕೆ ಬಂದವರು, ರಾಣೇಬೆನ್ನೂರಿನಿಂದ ದಿನಾ ಬಸ್ಸಿಗೆ ಓಡಾಡುತ್ತಾರೆ. ನಾನು ಕುಕ್ಕರ್ ತೋರಿಸತೊಡಗಿದೆ.

"ಕುಕ್ಕರ್ ಬ್ಯಾಡ್ರಿ ಕಾಕಾರ, ನೀವ ಬೇಕಾಗೀರಿ" ಎಂದರು. ಅವರೂ ಚೀಟಿಯ ಪ್ರಶ್ನೆ ಕೊಡುತ್ತಾರಂತೆ. ಆದರೆ ಇಡೀ ತರಗತಿಯಿಂದ ಒಂದೇ ಉತ್ತರ ಬರುತ್ತದಂತೆ. "ಮೊದಲನೇ ಬೆಂಚಿನ ಹುಡುಗಿ ಬರದದ್ದು ಕಡೀ ಬೆಂಚಿನ ತನಕ ಹೋಗಿರ್ತೈತ್ರಿ. ಆಕಿ ಗೀಚಿ ಹೊಡದದ್ದನ್ನೂ ಸೈತ ಬಿಟ್ಟಿಲ್ಲ!"

"ಮಾರ್ಕ್ಸ್ ಕೊಟ್ಟೀರೇನ್ರಿ?"

"ಮೊದಮೊದಲು ಎರಡೆರಡು ಕೊಟ್ಟೆ. ಅದಽ ತಪ್ಪಾತು. ಈಗ ಕೊಡೂದಿಲ್ಲ ಅಂದ್ರೂ ನಂಬವಲ್ಲವು. ಹೆಡ್ ಮಾಸ್ತರು, ಈ ಚೀಟಿ ಆಟ ಸಾಕು, ಲಗೂ ಪೋರ್ಶನ್ ಮುಗಸ್ರಿ ಅಂದಾರ. ನಾಳೆ ಒಂದು ಸಲ ನೋಡ್ತೀನಿ, ಆಗಲಿಲ್ಲ ಅಂದ್ರ ಬಿಟ್ಟಬಿಡ್ತೀನ್ರಿ. ಯಾರರೆ ಒಬ್ಬರು ಮೊದಲು ಧೈರ್ಯ ಮಾಡಿ ತಪ್ಪಬೇಕು. ಹುಡುಗ್ರೆಲ್ಲಾ ನಿಮ್ಮ ಹೆಸರು ಹೇಳಿದ್ರು."

ಊರಲ್ಲಿ ನನಗೆ ಇಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಆದರೆ ಗಿರಿಜಾ ನಡೆಸಿಕೊಂಡು ಬಂದದ್ದು ನಾಳೆ ನಿಂತುಹೋಗಬಹುದು, ಅದನ್ನು ಉಳಿಸಲು ನಾನು ತಪ್ಪಬೇಕು. ಸವಿತಾ ಟೀಚರ್ ಅಲ್ಲೇ ಪರೀಕ್ಷಿಸಿದರು. "ಮಂಜುಗಡ್ಡಿಗೆ ಕಂಬಳಿ ಸುತ್ತಿದ್ರ ಲಗೂ ಕರಗತೈತೋ, ತಡಾಗಿ ಕರಗತೈತೋ?" "ತಡಾಗಿ" ಎಂದೆ. "ದೊಡ್ಡ ಕಲ್ಲು, ಸಣ್ಣ ಕಲ್ಲು ಕೂಡೇ ಬಿಟ್ರ?" "ಕೂಡೇ ಬೀಳ್ತಾವು." ಅವರ ಮುಖ ಬಾಡಿತು. "ಅಯ್ಯ, ಎಲ್ಲಾ ಬರೋಬ್ಬರಿ ಹೇಳಾಕತ್ತೀರಲ್ರಿ!" ನಾನು ಕ್ಷಮೆ ಕೇಳಿದೆ. ನನಗೆ ಗೊತ್ತಿಲ್ಲದಂತೆ ಆ ಮಹಾತಾಯಿ ಎಲ್ಲವನ್ನೂ ಕಲಿಸಿ ಹೋಗಿದ್ದಳು. ಬೇಕೆಂದು ಸುಳ್ಳು ಉತ್ತರ ಹೇಳಬಹುದಿತ್ತು. ಆದರೆ ಅದರಲ್ಲಿ ಜೀವ ಇರುವುದಿಲ್ಲ, ಮಕ್ಕಳು ಹಿಡಿದುಬಿಡುತ್ತಾರೆ.

ಕೊನೆಗೆ ನನ್ನನ್ನು ಕಾಪಾಡಿದ್ದು ವಿದ್ಯುತ್ತು. ಅದು ಹತ್ತನೆಯ ತರಗತಿಯ ಪಾಠ, ಸವಿತಾ ಟೀಚರ್ ಮರುದಿನ ಮಾಡಬೇಕಿದ್ದುದೂ ಅದನ್ನೇ. "ಮುಂದಿನ ವರ್ಷ ಹತ್ತನೇದು ನನಗಽ ಕೊಡ್ತಾರ. ಆವಾಗ ನಿಮ್ಮನ್ನ ಕರೆಂಟಿನಾಗ ನೋಡ್ಕೋತೀನಿ" ಎಂದಿದ್ದಳು ಗಿರಿಜಾ. ಆ ವರ್ಷ ಬರಲಿಲ್ಲ. ಹೀಗಾಗಿ ಕರೆಂಟಿನಲ್ಲಿ ನಾನು ಇನ್ನೂ ಶುದ್ಧನಾಗಿಯೇ ಉಳಿದಿದ್ದೆ.

ಮರುದಿನ ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಪರಾತದ ಚೀಟಿಗಳನ್ನು ಚೀಲದಲ್ಲಿ ತುಂಬಿಕೊಂಡು ಶಾಲೆಗೆ ಹೋದೆ. ಸವಿತಾ ಟೀಚರ್ ಮೇಜಿನ ಮೇಲೆ ಒಂದು ಸೆಲ್ ಇಟ್ಟು, ಒಂದೇ ತಂತಿಯ ಸಾಲಿನಲ್ಲಿ ಒಂದೇ ಥರದ ಎರಡು ಸಣ್ಣ ಬಲ್ಬು ಜೋಡಿಸಿದ್ದರು. "ತಂತಿ ಕೂಡಿಸಿದ್ರ ಯಾವ ಬಲ್ಬು ಜಾಸ್ತಿ ಬೆಳಗತೈತ್ರಿ ಕಾಕಾರ?" ಎಂದು ಎಲ್ಲರೆದುರು ಕೇಳಿದರು. ನಾನು ವಿಚಾರ ಮಾಡಿದೆ. ನಮ್ಮ ಓಣಿಯ ನಳ ನೆನಪಾಯಿತು. "ಮೊದಲನೇದು" ಎಂದೆ. "ನೀರು ಬಿಟ್ಟಾಗ ಮುಂದಿನ ಮನಿಗೆ ಭರ್ ಅಂತ ಬರತೈತಿ. ಕಡೀ ಮನಿಗೆ ಬರೂದ್ರಾಗ ದಾರದಂಗ ಆಗಿರತೈತಿ. ಕರೆಂಟೂ ಹಂಗಽ."

ತರಗತಿಯಲ್ಲಿ ಗುಸುಗುಸು ಎದ್ದಿತು. ಚೀಟಿ ಹಂಚಿದರು. ಮೊದಲನೇ ಬೆಂಚಿನ ಹುಡುಗಿಯ ಕಡೆ ಈ ಸಲ ಯಾರೂ ನೋಡಲಿಲ್ಲ. ಎಲ್ಲರೂ ತಂತಮ್ಮ ಓಣಿಯ ನಳದ ಕಡೆ ನೋಡುತ್ತಿರುವಂತೆ ಮೇಲೆ ಕಣ್ಣಿಟ್ಟು ಬರೆದರು. ಸವಿತಾ ಟೀಚರ್ ಓದುತ್ತ ಹೋದಂತೆ ಅವರ ಮುಖ ಅರಳಿತು. ಒಬ್ಬಳು, ಎರಡನೆಯದೇ ಹೆಚ್ಚು, ಯಾಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ಕರೆಂಟಿಗೆ ವೇಗ ಬಂದಿರುತ್ತದೆ ಎಂದು ಬರೆದಿದ್ದಳು. ಒಬ್ಬ, ಗೊತ್ತಿಲ್ಲ ಎಂದು ದೊಡ್ಡದಾಗಿ ಬರೆದಿದ್ದ. ಉಳಿದವರಲ್ಲಿ ಬಹಳ ಮಂದಿ ನನ್ನ ಪಕ್ಷ, ಆದರೆ ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. "ಎಲ್ಲಾರೂ ಖರೇ ಖರೇ ಬರದಾವ್ರಿ, ಒಬ್ಬರಂಗ ಒಬ್ಬರು ಬರದಿಲ್ಲ!" ಎಂದರು ಟೀಚರ್. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್ ಮಾಸ್ತರು, "ನಡೀಲಿ, ನಡೀಲಿ" ಎಂದು ಹೊರಟುಹೋದರು. ಬದುಕಿನಲ್ಲಿ ಮೊದಲ ಸಲ ನನಗೆ ಬಹುಮತ ಬಂದಿತ್ತು.

ಅದು ಉಳಿದದ್ದು ತಂತಿ ಕೂಡಿಸುವ ತನಕ. ಎರಡೂ ಬಲ್ಬು ಒಂದೇ ಸಮ ಬೆಳಗಿದವು. ನನ್ನ ಪಕ್ಷದವರೆಲ್ಲ ಅಲ್ಲೇ ಪಕ್ಷಾಂತರ ಮಾಡಿದರು. ಒಬ್ಬ ಹುಡುಗಿ ಎದ್ದು ನಿಂತು, "ಕಾಕಾ, ನಳದ ನೀರು ನಡುವ ಮಂದಿ ಕೊಡಕ್ಕ ಹಿಡಕೋತಾರ. ಇಲ್ಲಿ ಕರೆಂಟನ್ನ ನಡುವ ಯಾರೂ ಹಿಡಕೊಳ್ಳೂದಿಲ್ರಿ, ಎಷ್ಟು ಹೊಂಟಿತ್ತೋ ಅಷ್ಟೂ ಮುಂದ ಹೋಗತೈತಿ" ಎಂದು ನನಗೆ ಸಮಾಧಾನದಿಂದ ತಿಳಿಸಿದಳು. ಟೀಚರ್ ಒಂದು ಮಾತೂ ಆಡಬೇಕಾಗಲಿಲ್ಲ.

ಮನೆಗೆ ಬಂದು ಚಹಾಕ್ಕಿಟ್ಟೆ. ಅಡಿಗೆಮನೆಯ ಕಟ್ಟೆಗೆ ಒರಗಿ, "ಎರಡೂ ಬಲ್ಬು ಒಂದಽ ಸಮ ಬೆಳಗತಾವಂತ" ಎಂದು ಗಟ್ಟಿಯಾಗಿ ಹೇಳಿದೆ. ಸರಿಯಾದ ಉತ್ತರ. ಯಾರೂ ನಗಲಿಲ್ಲ.

ಮುಂದಿನ ವಾರ ಅಯಸ್ಕಾಂತದ ಪಾಠವಂತೆ, ನಾನು ಬರಲೇಬೇಕಂತೆ. ಗಿರಿಜಾ ಮುಂಚೆಯೇ ತಂದಿಟ್ಟಿದ್ದ ಹತ್ತನೆಯ ಪುಸ್ತಕ ಮನೆಯಲ್ಲಿಯೇ ಇದೆ. ನಿನ್ನೆ ಅದರತ್ತ ಕೈ ಹೋಗಿತ್ತು, ಥಟ್ಟನೆ ಹಿಂದಕ್ಕೆ ತೆಗೆದೆ. ಓದಲಿಲ್ಲವೆಂದು ಅಪ್ಪನಿಂದ ಬಾರುಕೋಲಿನ ಏಟು ತಿಂದವನು ನಾನು. ಈಗ ಈ ವಯಸ್ಸಿನಲ್ಲಿ, ಓದಬಾರದೆಂದು ಮನಸ್ಸನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿದೆ.