ಸ್ವಿಚ್ ಕಾಯುವ ಕೆಲಸ

ನನಗೆ ಒಪ್ಪಿಸಿದ್ದ ಕೆಲಸ ಒಂದು ಸ್ವಿಚ್ಚಿನ ಪಕ್ಕದಲ್ಲಿ ನಿಂತು ಅದನ್ನು ಮುಟ್ಟದೇ ಇರುವುದು. ಜಗತ್ತಿನಲ್ಲಿ ಇದಕ್ಕಿಂತ ಸುಲಭದ ಕೆಲಸ ಇರಲಿಕ್ಕಿಲ್ಲ. ಬೆಳೆ ಕಾಯುವವರು ಹಕ್ಕಿ ಓಡಿಸಬೇಕು, ಹಾಲು ಕಾಯುವವರು ಉರಿ ತಗ್ಗಿಸಬೇಕು. ಇದರಲ್ಲಿ ಅಷ್ಟೂ ಇಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೂ ನಿಲ್ಲಲು ಬರುತ್ತದೆ ಎಂದು ನಂಬಿದ್ದೆ. ಆದರೆ ಅದು ನನ್ನಿಂದ ಆಗಲಿಲ್ಲ. ಆಗಲಿಲ್ಲ ಎಂಬುದನ್ನು ಬಹಳ ದಿನ ಹೇಳಲೂ ಆಗಲಿಲ್ಲ.

ನನ್ನ ತಮ್ಮ ಶಿವಾನಂದ ಬಿಜಾಪುರದ ಸೋಲಾರ್ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಮೋರಟಗಿಯ ನಮ್ಮ ತವರುಮನೆಯ ಮಾಳಿಗೆಯ ಮೇಲೆ ಪ್ಯಾನೆಲ್ ನಿಲ್ಲಿಸಿ, ಪಡಸಾಲೆಯಲ್ಲಿ ಇನ್ವರ್ಟರ್ ಕೂಡಿಸಿದ. ಲೋಡ್ ಶೆಡ್ಡಿಂಗಿನ ಕಾಲ. ಊರೆಲ್ಲ ಬೀಸಣಿಗೆ ಹಿಡಿದು ಕಟ್ಟೆಗೆ ಬಂದಾಗ ನಮ್ಮಲ್ಲಿ ಮಾತ್ರ ಫ್ಯಾನ್ ತಿರುಗುತ್ತಿತ್ತು. ಆದರೆ ಅವನ ಕಟ್ಟುಪಾಡುಗಳು ಮಡಿಗಿಂತ ಬಿಗಿ. ಬ್ಯಾಟರಿಯಿಂದ ಗ್ಯಾಸ್ ಬರುವುದರಿಂದ ಅದರ ಹತ್ತಿರ ಊದಿನಕಡ್ಡಿ ಹಚ್ಚಬಾರದು. ಮೇಲೆ ಪಾತ್ರೆ ಇಡಬಾರದು. ಹಸಿ ಕೈ ತಾಗಿಸಬಾರದು. ಮಹಾನವಮಿಯ ದಿನ ನಮ್ಮವ್ವ ನೇಗಿಲು, ಕುಡುಗೋಲುಗಳ ಜೊತೆ ಇನ್ವರ್ಟರಿಗೂ ನೀರು ಚಿಮುಕಿಸಿ ಪೂಜಿಸಲು ಹೊರಟಾಗ ಓಡಿಬಂದು ತಡೆದಿದ್ದ. "ಅವ್ವಾ, ಇದಕ್ಕ ದೂರಿಂದ ಕೈ ಮುಗಿ. ನೀರ್ ಹಾಕಿದ್ರ ಅದ ನಿನಗ ಆರತಿ ಮಾಡ್ತೈತಿ!" ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ಲಿನ ವೈರಿನಲ್ಲಿ ಕರೆಂಟ್ ಇರುತ್ತದೆಂದು, ರಿಪೇರಿಯ ದಿನ ಅದಕ್ಕೆ ದಪ್ಪ ಕೌದಿ ಹೊದಿಸುತ್ತಿದ್ದ. ಪಕ್ಕದ ಮನೆಯ ಕಾಕಾ, "ಯಾಕೋ ಶಿವ್ಯಾ, ಪ್ಯಾನಲ್ಲಿಗೆ ಚಳಿಜ್ವರ ಬಂದೈತೇನು?" ಎಂದು ಕೂಗಿ ನಗುತ್ತಿದ್ದರು.

ಆ ಬೇಸಿಗೆ ನಾನು ತವರಿಗೆ ಹೋಗಿದ್ದೆ. ಶಿವು ಹಿತ್ತಲ ಕಡೆಯ ಜೋಳದ ಕೋಣೆಗೆ ಹೊಸ ಲೈನ್ ಎಳೆಯಬೇಕಿತ್ತು. ಮೇನ್ ಆರಿಸಿದ, ಇನ್ವರ್ಟರ್ ಆರಿಸಿದ, ನನ್ನನ್ನು ಅದರ ಮುಂದೆ ನಿಲ್ಲಿಸಿದ.

"ಅಕ್ಕಾ, ನಾ ಸುಲದ ವೈರ್ ಹಿಡಕೊಂಡಿರ್ತೇನಿ. ನಾ ಬಂದು ಹೇಳೂತನಕ ಈ ಬಟನ್ ಯಾರಿಗೂ ಮುಟ್ಟಾಕ ಕೊಡಬ್ಯಾಡ."

"ಬ್ರಹ್ಮ ಬಂದ್ರೂ ಕೊಡಂಗಿಲ್ಲ, ಹೋಗು" ಎಂದೆ.

ಬ್ರಹ್ಮ ಬರಲಿಲ್ಲ. ಗಂಡನ ಊರಾದ ಕನ್ನೊಳ್ಳಿಯಿಂದ ನನ್ನ ಅತ್ತೆ ಬಂದರು. ಮಧ್ಯಾಹ್ನದ ಬಸ್ಸಿಳಿದು, ಬೆವರಿನಲ್ಲಿ ತೊಯ್ದು, ಯಾರಿಗೂ ಹೇಳದೆ ಬಂದಿದ್ದರು. ಅವ್ವ ಚಹಾ ಇಡಲು ಒಳಗೆ ಓಡಿದಳು. ಅತ್ತೆ ಜಮಖಾನದ ಮೇಲೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮೇಲೆ ನೋಡಿದರು.

"ಏನವಾ, ನಮ್ಮ ತಮ್ಮ ಕರೆಂಟ್ ಇಲ್ದನ ಫ್ಯಾನ್ ತಿರುಗಸ್ತಾನ ಅಂತ ಊರ ತುಂಬ ಹೇಳಿದಿ. ಇದು ನೋಡಿದ್ರ ಜೇಡರಹುಳಕ್ಕ ಮನಿ ಮಾಡಿಕೊಟ್ಟಂಗ ಐತಿ!"

ಗಂಡನ ಮನೆಯಲ್ಲಿ ಏನು ಅಂದರೂ ನುಂಗಬಹುದು. ತವರಿನ ಪಡಸಾಲೆಯಲ್ಲಿ, ತವರಿನ ಫ್ಯಾನಿನ ಕೆಳಗೆ ಕೂತು ಅಂದರೆ ಹೇಗೆ ನುಂಗುವುದು? ತಮ್ಮನನ್ನು ಮರೆತಿದ್ದೆ ಎಂದು ಹೇಳಿದರೆ ಸುಳ್ಳಾದೀತು. ನೆನಪಿತ್ತು. ಒಂದು ಸುತ್ತು ತಿರುಗಿಸಿ ಆರಿಸಿದರಾಯಿತು, ಅಷ್ಟರಲ್ಲಿ ಏನಾದೀತು ಎಂದುಕೊಂಡು ಬಟನ್ ಒತ್ತಿದೆ.

ಫ್ಯಾನ್ ತಿರುಗಿತು. ಅತ್ತೆಯ ಹುಬ್ಬು ಮೇಲೇರಿತು. ಹಿತ್ತಲಿನಲ್ಲಿ ಶಿವು ಕೂಗಿದ, ಏಣಿ ಬಿದ್ದ ಸದ್ದಾಯಿತು.

ನಾನು ಮೊದಲು ಸ್ವಿಚ್ ಆರಿಸಿ ಆಮೇಲೆ ಓಡಿದೆ. ತಿಳಿದವರು ಅದೇ ಸರಿಯಾದ ಕ್ರಮ ಎನ್ನುತ್ತಾರೆ. ಆರಿಸಿದ್ದು ಅವನನ್ನು ಉಳಿಸಲೋ ನನ್ನನ್ನು ಉಳಿಸಿಕೊಳ್ಳಲೋ ಎಂದು ಅವರು ಕೇಳದಿದ್ದರೆ ಸಾಕು. ಜೋಳದ ಚೀಲಗಳ ಮೇಲೆ ಬಿದ್ದಿದ್ದರಿಂದ ಜೀವ ಉಳಿದಿತ್ತು. ಬೆರಳು ಸುಟ್ಟಿದ್ದವು, ಮಣಿಕಟ್ಟು ಮುರಿದಿತ್ತು. ಸಿಂದಗಿಯ ಆಸ್ಪತ್ರೆಯಿಂದ ಬಂದವನೇ ಸ್ವಿಚ್ಚಿನ ಮುಂದೆ ನಿಂತ.

"ನೀ ಮುಟ್ಟಿಲ್ಲಲಾ ಅಕ್ಕಾ?"

"ಇಲ್ಲಪಾ."

ಫ್ಯಾನ್ ತಿರುಗಿದ್ದನ್ನು ಕಂಡಿದ್ದ ಅತ್ತೆಗೆ ಅದಕ್ಕೂ ಶಾಕಿಗೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ. ಶಿವು ನನ್ನ ಮಾತನ್ನು ನಂಬಿದ. ಆರಿಸಿದ ಮೇಲೂ ಶಾಕ್ ಹೊಡೆದಿದೆ ಎಂದರೆ ತನ್ನ ವೈರಿಂಗಿನಲ್ಲೇ ತಪ್ಪಿದೆ ಎಂದು ಒಂದೇ ಕೈಯಲ್ಲಿ ಎಲ್ಲ ಬಿಚ್ಚಿ ಹುಡುಕಿದ. ಇಲ್ಲದ ತಪ್ಪು ಎಲ್ಲಿಂದ ಸಿಗಬೇಕು? ಅವ್ವ ಇನ್ವರ್ಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಸುದ್ದಿ ದೇವಣಗಾಂವದವರೆಗೂ ಹೋಯಿತು. "ಶಿವ್ಯಾ ಕುಂದ್ರಿಸಿದ್ದು ಬಂದ್ ಇದ್ರೂ ಹೊಡೀತೈತಂತ" ಎಂದು ಸುತ್ತಲಿನ ಊರಿನವರು ಒಬ್ಬೊಬ್ಬರೇ ಅವನನ್ನು ಕರೆದು, ತಮ್ಮ ಮನೆಗೆ ಹಾಕಿದ್ದನ್ನು ತೆಗೆಸಿದರು. ಈ ಕೆಲಸ ಬಿಟ್ಟು ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತೇನೆ ಎನ್ನತೊಡಗಿದ.

ನಾನು ಕನ್ನೊಳ್ಳಿಗೆ ಮರಳಿದೆ. ಕರೆಂಟ್ ಹೋದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬಂದರೆ ಇನ್ನೂ ಜೋರಾಗಿ. ಹೇಳಿಬಿಡಬೇಕೆಂದು ಫೋನ್ ಬೂತಿಗೆ ಹೋಗಿ, "ಎಮ್ಮಿ ಹಿಂಡತೈತೇನು?" ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ನಮ್ಮ ತವರಿನ ಎಮ್ಮೆಯ ಬಗ್ಗೆ ಅಷ್ಟು ಕಾಳಜಿ ಮಾಡಿದ ಮಗಳು ಇನ್ನೊಬ್ಬಳಿಲ್ಲ.

ಕೈ ವಾಸಿಯಾದ ಮೇಲೆ ಶಿವು ನಮ್ಮ ಮನೆಗೆ ಬಂದ. ಇಲ್ಲಿಯೂ ಅವನೇ ಕೂಡಿಸಿದ, ದೀಪಕ್ಕಷ್ಟೇ ಸಾಲುವ ಸಣ್ಣ ಇನ್ವರ್ಟರ್ ಇತ್ತು. ಅದನ್ನು ತೆಗೆಯಲು ಬಂದಿದ್ದ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಕೇಳಿದರು:

"ಛಲೋ ನಡದೈತಲ್ಲೋ, ಯಾಕ ತೆಗೀತಿ?"

"ಬ್ಯಾಡ್ರಿ ಯವ್ವಾ. ಹುಡುಗ್ರು ಓಡ್ಯಾಡೂ ಮನಿ. ನನ್ನ ಕೈಮ್ಯಾಲ ನನಗ ನಂಬಿಗಿ ಉಳದಿಲ್ಲ."

ಸ್ವಿಚ್ ಆರಿಸಿದ. ಮತ್ತೆ ಮುಟ್ಟಿ ನೋಡಿದ. ಮತ್ತೂ ನೋಡಿದ. ಏಣಿಯ ಮೇಲೆ ಕಾಲಿಟ್ಟವನು ಇಳಿದು ಬಂದು ನನ್ನ ತೋಳು ಹಿಡಿದು ಸ್ವಿಚ್ಚಿನ ಮುಂದೆ ನಿಲ್ಲಿಸಿದ. "ಇಲ್ಲಿ ನೀನ ನಿಂದ್ರು ಅಕ್ಕಾ. ನೀ ಇದ್ರ ನನಗ ಧೈರ್ಯ."

ಅತ್ತೆ ಅಲ್ಲೇ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ಸ್ವಲ್ಪ ಕಾದೆ. ಆ ಹೊತ್ತಿನಲ್ಲೂ ನನಗೆ ಮಾನದ ಚಿಂತೆ. ಅವರು ಏಳಲಿಲ್ಲ. ಶಿವು ಮತ್ತೆ ಏಣಿ ಹತ್ತುತ್ತಿದ್ದ.

"ತಮ್ಮಾ, ಕೆಳಗ ಇಳಿ" ಎಂದೆ. "ನಿನ್ನ ಕೆಲಸದಾಗ ಏನೂ ತಪ್ಪಿರಲಿಲ್ಲ. ಅವತ್ತ ಬಟನ್ ಒತ್ತಿದಾಕಿ ನಾನ. ಈ ಅತ್ತಿ ಮುಂದ ನಿನ್ನ ಫ್ಯಾನಿನ ದಿಮಾಕು ತೋರಸಾಕ ಒತ್ತಿದೆ, ಒತ್ತಿ ಸುಳ್ಳ ಹೇಳಿದೆ. ತಪ್ಪಾತೋ ನನ್ನಪ್ಪಾ, ನಂದ ತಪ್ಪಾತು."