ಸಾಗರದ ಕಂಪ್ಯೂಟರು, ಹೊಸನಗರದ ಒಲೆ

ಕಂಪ್ಯೂಟರ್ ಹತ್ತಿರ ಹೋದವರ ಬದುಕಿನಲ್ಲಿ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತೆ. ನನಗಂತೂ ಅದನ್ನು ಮುಟ್ಟುವ ಮೊದಲೇ ಶುರುವಾಗಿತ್ತು!

ಎಂಬತ್ತರ ದಶಕ ಮುಗೀತಾ ಬಂದಿತ್ತು. ಮದುವೆಯಾಗಿ ಹೊಸನಗರಕ್ಕೆ ಬಂದಿದ್ದೆ. ಗಂಡನಿಗೆ ತೀರ್ಥಹಳ್ಳಿಯಲ್ಲಿ ಕಚೇರಿ ಕೆಲಸ, ಶನಿವಾರ ಮಾತ್ರ ಮನೆ. ಉಳಿದ ದಿನ ನಾನು, ಅತ್ತೆ, ಮಾವ. ಆಗ ಸಾಗರದಲ್ಲಿ ಬಟ್ಟೆ ಅಂಗಡಿಯ ಮಹಡಿ ಮೇಲೆ ಕಂಪ್ಯೂಟರ್ ಕ್ಲಾಸು ತೆರೆದರು. ಸುದ್ದಿ ಕೇಳಿ ನನಗೆ ಕೂತಲ್ಲಿ ಕೂರಕ್ಕಾಗಲಿಲ್ಲ. ಕಾಡಿ ಬೇಡಿ ಸೇರಿಕೊಂಡೆ. ಕೋರ್ಸು ಅರ್ಧ ಆಗುವಷ್ಟರಲ್ಲಿ ಅಲ್ಲಿನ ಮೇಷ್ಟ್ರು ಒಂದು ಮಾತು ಹೇಳಿದರು: "ವಿಜಯದಶಮಿ ದಿನ ಊರವರನ್ನೆಲ್ಲ ಕರೀತೀನಿ. ಅವರ ಎದುರು ನಿನ್ನದೇ ಒಂದು ಪ್ರೋಗ್ರಾಮ್ ಓಡಿಸಿ ತೋರಿಸು. ಓಡಿದ್ರೆ ಇಲ್ಲಿ ಕಲಿಸೋ ಕೆಲಸ ನಿನಗೇ."

ಮನೆಗೆ ಹಾರಿಕೊಂಡೇ ಬಂದೆ. ಮಾವ ನಿವೃತ್ತ ಹೆಡ್‌ಮಾಸ್ಟರ್. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ನಾನೂ ಬಂದು ನೋಡ್ತೀನಿ. ಓಡಿದ್ರೆ ಕೆಲಸಕ್ಕೆ ಹೋಗು. ಓಡದಿದ್ರೆ ಬಿ.ಎಡ್.ಗೆ ಅರ್ಜಿ ಹಾಕು. ಮತ್ತೆ ಕಂಪ್ಯೂಟರ್ ಅನ್ನೋ ಮಾತು ಈ ಮನೇಲಿ ಬೇಡ."

ಅಲ್ಲಿಂದ ಶುರುವಾಯ್ತು ನೋಡಿ ನನ್ನ ಪಾಡು!

ಚಪ್ಪಲಿ ರಾಶಿ

ಕಂಪ್ಯೂಟರ್ ರೂಮಿಗೆ ಧೂಳು ಹೋಗಬಾರದು ಅಂತ ಚಪ್ಪಲಿ ಹೊರಗೇ ಬಿಡಬೇಕಿತ್ತು. ಕಿಟಕಿಗೆಲ್ಲ ಪರದೆ. ಒಳಗೆ ಎ.ಸಿ. ತಣ್ಣಗೆ, ಮಂದ ಬೆಳಕು. ಎಲ್ಲರೂ ಕೈಕಟ್ಟಿ ಕೂತಿರೋರು, ಮೇಷ್ಟ್ರು ಒಬ್ಬರೇ ಎದುರು ನಿಂತು ಏನೋ ಹೇಳೋರು.

ಒಂದು ದಿನ ಅಜ್ಜರೊಬ್ಬರು ಬಂದು ಹಿಂದಿನ ಸಾಲಲ್ಲಿ ಕೂತರು. ಪಂಚೆ, ಹೆಗಲ ಮೇಲೆ ವಲ್ಲಿ. ಯಾರದೋ ಮನೆಯವರು ಅಂತ ನಾವು ಅಂದ್ಕೊಂಡ್ವಿ. ಹೊಸ ವಿದ್ಯಾರ್ಥಿ ಅಂತ ಮೇಷ್ಟ್ರು ಅಂದ್ಕೊಂಡ್ರು. ಅಜ್ಜ ಅಷ್ಟೂ ಹೊತ್ತು ಭಕ್ತಿಯಿಂದ ಕೇಳಿದರು. ಮೇಷ್ಟ್ರು ಸ್ವಿಚ್ಚು ಒತ್ತಿ ಕಂಪ್ಯೂಟರಿನ ಪರದೆ ಮೇಲೆ ಹಸಿರು ಅಕ್ಷರ ಮೂಡಿದಾಗ ಕೈ ಮುಗಿದರು ಕೂಡ.

ಕ್ಲಾಸು ಮುಗೀತು. ಎಲ್ಲರೂ ಎದ್ದರು, ಅಜ್ಜ ಏಳಲಿಲ್ಲ. ಮೇಷ್ಟ್ರು ಹತ್ತಿರ ಹೋಗಿ, "ಏನು ಬೇಕಿತ್ತು ಅಜ್ಜಾ?" ಅಂದರು.

ಅಜ್ಜ ಬಲಗೈ ಚಾಚಿದರು. "ಕೆಳಗೆ ಅಷ್ಟು ಚಪ್ಪಲಿ ನೋಡಿ ಸತ್ಯನಾರಾಯಣ ಪೂಜೆ ಅಂತ ಬಂದೆ. ಕಥೆ ಅರ್ಥ ಆಗಲಿಲ್ಲ, ಇರಲಿ. ಪ್ರಸಾದದ ಸಪಾತ ಭಕ್ಷ ಕೊಟ್ರೆ ಹೊರಡ್ತೀನಿ."

ಕಿಟಕಿ ಸೀಟು

ಕ್ಲಾಸಿನಲ್ಲಿದ್ದ ಯಂತ್ರಕ್ಕೆ ಕೈ ಹಾಕೋರು ಬಹಳ ಜನ. ನನ್ನ ಸರದಿ ಬರೋದು ಒಂದು ಗಳಿಗೆ, ಅಷ್ಟೇ. ಅದಕ್ಕೆ ಸೀರೆ ಬಾಕ್ಸಿನ ರಟ್ಟಿನ ಮೇಲೆ ಕೀಬೋರ್ಡಿನ ಕೀಲಿಗಳನ್ನೆಲ್ಲ ಬರೆದು, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಅಭ್ಯಾಸ ಮಾಡ್ತಿದ್ದೆ. ಕಣ್ಣು ಮುಚ್ಚಿ, ಬಾಯಲ್ಲಿ ಪಿಟಿಪಿಟಿ ಅಂತ ಅಕ್ಷರ ಹೇಳ್ತಾ, ಬೆರಳು ಆಡಿಸ್ತಾ.

ಹೊಸನಗರದಿಂದ ಸಾಗರಕ್ಕೆ ತಿರುವುಗಳಿಗೆ ಬರವಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿದರು. ಕಣ್ಣು ಮುಚ್ಚಿದೆ, ತುಟಿ ನಡುಗ್ತಿದೆ, ಬೆರಳು ಕುಣೀತಿವೆ. ಅವರು ತಮ್ಮ ಸೆರಗು ಎತ್ತಿಕೊಂಡು ಎದ್ದು ನಿಂತು ಕೂಗಿದರು: "ಕಿಟಕಿ ಬಿಡ್ರೋ! ಇವಳಿಗೆ ಬಂತು! ಈಗ ಕಕ್ತಾಳೆ!"

ಇಡೀ ಬಸ್ಸು ದಾರಿ ಬಿಟ್ಟಿತು. ಯಾರೋ ನಿಂಬೆಹಣ್ಣು ಕೈಗಿಟ್ಟರು. ಕಿಟಕಿಯವರು ಚಂಗನೆ ಎದ್ದರು. "ಇಲ್ಲ ಮಾರಾಯ್ರೆ, ನಾನು ಓದ್ತಿದ್ದೀನಿ" ಅಂದೆ. "ಹೌದೌದು, ನೀನು ಮೊದಲು ತಲೆ ಹೊರಗೆ ಹಾಕು" ಅಂದರು ಕಂಡಕ್ಟರು.

ಆ ಕೋರ್ಸು ಮುಗಿಯೋವರೆಗೂ ಆ ಬಸ್ಸಲ್ಲಿ ಕಿಟಕಿ ಸೀಟು ನನಗೇ ಖಾಯಂ. ನಾನೇನು ಬೇಡ ಅನ್ನಲಿಲ್ಲ.

ಅಂಗಳದ ಫ್ಲೋಚಾರ್ಟ್

ಪ್ರೋಗ್ರಾಮ್ ಬರೆಯೋ ಮೊದಲು ಅದರ ದಾರಿಯನ್ನು ಚಿತ್ರದಲ್ಲಿ ಬರೀಬೇಕು. ಪ್ರಶ್ನೆ ಇದ್ದಲ್ಲಿ ವಜ್ರದಾಕಾರ, ಅದರಿಂದ 'ಹೌದು' ಅನ್ನೋದಕ್ಕೆ ಒಂದು ಗೆರೆ, 'ಇಲ್ಲ' ಅನ್ನೋದಕ್ಕೆ ಇನ್ನೊಂದು. ಅದಕ್ಕೆ ಫ್ಲೋಚಾರ್ಟ್ ಅಂತಾರೆ. ತಲೇಲಿ ಅದೇ ತುಂಬಿತ್ತಲ್ಲ, ಒಂದು ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕ್ತಾ ಹಾಕ್ತಾ ಅದನ್ನೇ ಬರೆದುಬಿಟ್ಟೆ. ಬಾಣದ ತುದಿಗೆ ಅರಿಶಿನ, ಕುಂಕುಮ ಬೇರೆ ತುಂಬಿದ್ದೆ. ಲಕ್ಷಣವಾಗಿಯೇ ಬಂದಿತ್ತು!

ಮಾರನೇ ದಿನ ನೋಡ್ತೀನಿ, ಬೀದಿ ಉದ್ದಕ್ಕೂ ಎಲ್ಲರ ಬಾಗಿಲಲ್ಲೂ ಫ್ಲೋಚಾರ್ಟ್! "ಸಾಗರದ ಹೊಸ ರಂಗೋಲಿ ಅಂತೆ" ಅಂತ ಹೆಂಗಸರು ನೋಡಿಕೊಂಡು ಹಾಕಿದ್ದರು. ನಾನು ಖುಷಿಯಿಂದ ಒಂದೊಂದನ್ನೇ ಪರೀಕ್ಷೆ ಮಾಡ್ತಾ ಹೋದೆ. ಎಲ್ಲ ಸರಿ ಇತ್ತು. ಪಕ್ಕದ ಮನೆಯ ಅಕ್ಕ ಮಾತ್ರ 'ಇಲ್ಲ' ಅನ್ನೋ ಗೆರೆಯನ್ನೇ ಬಿಟ್ಟಿದ್ದರು. ಅಂದರೆ ಒಳಗೆ ಹೋದದ್ದು ಸುತ್ತುತ್ತಲೇ ಇರಬೇಕು, ಹೊರಗೆ ಬರೋ ದಾರಿಯೇ ಇಲ್ಲ.

ಅತ್ತೆಗೆ ವಿವರಿಸಿ ಹೇಳಿದೆ. ಅತ್ತೆ ಅದನ್ನೇ ಒಂದು ಗಳಿಗೆ ನೋಡಿ, "ತಪ್ಪೆಂತ ಇದೆ ಅದ್ರಲ್ಲಿ? ಅವಳ ಮನೆಗೆ ಒಂದು ಲೋಟ ಮಜ್ಜಿಗೆ ಕೇಳಕ್ಕೆ ಹೋಗಿ ನೋಡು, ಯಾವಾಗ ಹೊರಗೆ ಬರ್ತೀಯ ಅಂತ" ಅಂದರು.

ಮೇಳಿಗೆ ಮಾವ

ಏನು ಪ್ರೋಗ್ರಾಮ್ ಮಾಡೋದು? ಮಾವನಿಗೆ ಉಪಯೋಗ ಕಾಣಬೇಕು. ಯೋಚನೆ ಮಾಡಿ ಮಾಡಿ ಒಂದು ಹೊಳೀತು. ಊಟಕ್ಕೆ ಇಷ್ಟು ಜನ ಅಂತ ಹೇಳಿದರೆ ಅಕ್ಕಿ ಎಷ್ಟು ಸೇರು ಬೇಕು ಅಂತ ಕಂಪ್ಯೂಟರ್ ಹೇಳಬೇಕು! ನಮ್ಮ ಕಡೆ ನೆಂಟರಿಗೇನು ಕಮ್ಮಿಯೇ?

ಅಳತೆ ಕೇಳೋಣ ಅಂತ ಅತ್ತೆ ಹತ್ತಿರ ಹೋದೆ. "ಅತ್ತೆ, ಇಪ್ಪತ್ತು ಜನಕ್ಕೆ ಅಕ್ಕಿ ಎಷ್ಟು ಹಾಕ್ತೀರಿ?"

"ಯಾವ ಇಪ್ಪತ್ತು ಜನ?"

"ಯಾರಾದ್ರೂ ಇಪ್ಪತ್ತು ಜನ."

"ಯಾರಾದ್ರೂ ಅಂದ್ರೆ ಎಂತದು ಮಾರಾಯ್ತಿ? ಮೇಳಿಗೆ ಭಾವ ಬರ್ತಾರಾ ಇಲ್ವಾ, ಮೊದಲು ಅದು ಹೇಳು."

ಮೇಳಿಗೆ ಭಾವ ಅಂದರೆ ಮಾವನ ಅಣ್ಣ, ನನಗೆ ಮೇಳಿಗೆ ಮಾವ. ತೀರ್ಥಹಳ್ಳಿ ಹತ್ತಿರದ ಮೇಳಿಗೆ ಊರಿನ ದೊಡ್ಡ ಕುಳ. ಧ್ವನಿ ದೊಡ್ಡದು, ನಗು ದೊಡ್ಡದು, ಹೊಟ್ಟೆಯಂತೂ ಕೇಳಲೇಬೇಡಿ. ಅವರೊಬ್ಬರು ಪಂಕ್ತಿಗೆ ಕೂತರೆ ನಾಲ್ಕೆಲೆ ಹೆಚ್ಚು ಹಾಕಿದ ಹಾಗೆ. ಸರಿ, ಪ್ರೋಗ್ರಾಮಿನಲ್ಲಿ ಒಂದು ಪ್ರಶ್ನೆ ಸೇರಿಸಿದೆ: 'ಮೇಳಿಗೆ ಮಾವ ಬರ್ತಾರಾ?' ಹೌದು ಅಂದರೆ ನಾಲ್ಕು ಜನ ಕೂಡಿಸು. ಕೊನೇ ಸಾಲು ಮರ್ಯಾದೆಯಿಂದ 'ಊಟಕ್ಕೆ ಏಳಿ' ಅಂತ. ಸಾಲುಗಳಿಗೆ ಹತ್ತು, ಇಪ್ಪತ್ತು ಅಂತ ನಂಬರು; ಪರದೆ ಮೇಲೆ ಮೂಡಬೇಕಾದ ಸಾಲಿಗೆ 'ಪ್ರಿಂಟ್', ನಾವು ಉತ್ತರ ಕೊಡೋ ಸಾಲಿಗೆ 'ಇನ್‌ಪುಟ್'.

ಮೇಷ್ಟ್ರು ಅದನ್ನು ಓದಿ ತಲೆ ಕೆರೆದುಕೊಂಡರು. ಬದಲಾಗೋದಕ್ಕೆ ವೇರಿಯಬಲ್, ಎಂದೂ ಬದಲಾಗದ್ದಕ್ಕೆ ಕಾನ್‌ಸ್ಟಂಟ್ ಅಂತ ಅವರೇ ಪಾಠ ಮಾಡಿದ್ದರು. "ಈ ಮೇಳಿಗೆ ಮಾವ ಅನ್ನೋದು ವೇರಿಯಬಲ್ಲಾ?" ಅಂದರು.

"ಕಾನ್‌ಸ್ಟಂಟ್ ಸಾರ್" ಅಂದೆ. "ಅವರು ತಪ್ಪಿಸಿದ ಊಟ ಈ ಮೂರು ತಾಲೂಕಲ್ಲಿ ಇಲ್ಲ."

ಸೇವಂತಿಗೆ

ಪ್ರೋಗ್ರಾಮ್ ಸಿದ್ಧವಾಯ್ತು. ಚೌಕಾಕಾರದ ತೆಳ್ಳನೆ ಕರೀ ಫ್ಲಾಪಿಯಲ್ಲಿ ಅದನ್ನಿಟ್ಟು, ಕ್ಲಾಸಿನಲ್ಲಿ ಯಾರಾದರೂ ಅಳಿಸಿಬಿಟ್ಟಾರು ಅಂತ ಮನೆಗೇ ತಂದೆ. ನೀರು ತಾಗಬಾರದು, ಬೆರಳು ತಾಗಬಾರದು, ಬಿಸಿ ತಾಗಬಾರದು. ಮನೆಯವರಿಗೆಲ್ಲ ಹೇಳಿದೆ. "ನನ್ನ ವಿದ್ಯೆಯೆಲ್ಲ ಇದರೊಳಗಿದೆ ಅತ್ತೆ" ಅಂತಲೂ ಅಂದೆ. ಅದೊಂದು ಮಾತು ಆಡಬಾರದಿತ್ತು.

ನವರಾತ್ರಿ. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ ವಿಜಯದಶಮಿ ಬೆಳಿಗ್ಗೆವರೆಗೆ ಮುಟ್ಟೋ ಹಾಗಿಲ್ಲವಲ್ಲ. ನಾನು ಸ್ನಾನ ಮಾಡಿ ದೇವರ ಕೋಣೆಗೆ ಬಂದು ನೋಡಿದರೆ, ಪುಸ್ತಕದ ರಾಶಿ ಮೇಲೆ ನನ್ನ ಫ್ಲಾಪಿ! ಗಂಧ ಹಚ್ಚಿದೆ, ಕುಂಕುಮ ಹಚ್ಚಿದೆ, ಅಕ್ಷತೆ ಬಿದ್ದಿದೆ. ಅದರ ನಡುವೆ ದುಂಡಗಿನ ತೂತು ಇರುತ್ತಲ್ಲ, ಅದಕ್ಕೆ ಚೆಂದದ ಒಂದು ಸೇವಂತಿಗೆ ಸಿಕ್ಕಿಸಿದ್ದಾರೆ.

"ಅಯ್ಯಯ್ಯೋ ಅತ್ತೇ!" ಅಂತ ಕಿರುಚಿದೆ. ನನ್ನ ಕೆಲಸ ಹೋಯ್ತು ಅಂತ ಗೋಳೋ ಅಂತ ಅತ್ತುಬಿಟ್ಟೆ.

"ಅಳ್ತಿದ್ದೀಯಲ್ಲೇ! ಹೂವಿಗೆ ಅಂತ ಮಾಡಿಟ್ಟ ಹಾಗೇ ತೂತಿತ್ತು, ಸಿಕ್ಕಿಸಿದೆ" ಅಂದರು ಅತ್ತೆ ಗಾಬರಿಯಾಗಿ. "ಇಷ್ಟು ಪೂಜೆ ಆಗಿದೆ, ಓಡದೆ ಎಲ್ಲಿ ಹೋಗುತ್ತೆ ಅದು?"

ಜಗುಲಿಯಿಂದ ಮಾವನ ಧ್ವನಿ ಬಂತು: "ಬಿ.ಎಡ್. ಅರ್ಜಿ ತರಿಸ್ಲಾ?"

ವಿಜಯದಶಮಿ

ನಾನೂ ಅತ್ತೆಯೂ ಮೊದಲ ಬಸ್ಸಿಗೆ ಹೊರಟ್ವಿ. ಮಾವ ಬಾಗಿಲು ಹಾಕಿಕೊಂಡು ಮುಂದಿನ ಬಸ್ಸಿಗೆ ಬರೋದು ಅಂತ ಆಗಿತ್ತು. ಗೇಟಿನಿಂದಲೇ ಅತ್ತೆ ಕೂಗಿ ಹೇಳಿದರು: "ಕೆಂಡದ ಮೇಲೆ ಹಾಲಿದೆ! ಇಳಿಸಿ ಬನ್ನಿ!" ಮಾವ ಪೇಪರಿನಿಂದ ತಲೆ ಎತ್ತದೆ, "ಹ್ಞೂಂ" ಅಂದರು.

ಸಾಗರದಲ್ಲಿ ಮಹಡಿ ಮೆಟ್ಟಿಲ ತುಂಬ ಚಪ್ಪಲಿ. ಒಳಗೆ ಕಾಲಿಡಕ್ಕೆ ಜಾಗ ಇಲ್ಲ. ಪೂಜೆಯ ಅಜ್ಜ ಕೂಡ ಬಂದಿದ್ದರು. ನನ್ನ ಗಂಡ ತೀರ್ಥಹಳ್ಳಿಯಿಂದ ಮೇಳಿಗೆ ಮಾವನನ್ನು ಕರಕೊಂಡು ಬಂದು ಮುಂದಿನ ಸಾಲಲ್ಲೇ ಕೂರಿಸಿದ್ದರು. ಪಕ್ಕದಲ್ಲಿ ಮಾವ, ಕನ್ನಡಕ ಒರೆಸಿಕೊಂಡು ತಯಾರು. ಇನ್ನೊಂದು ಕಡೆ ಹೆಂಗಸರು.

ಫ್ಲಾಪಿ ಹಾಕಿದೆ. ಕರ್ರ್... ಕರ್ರ್... ಅಂತು. ಆಮೇಲೆ ಅದೂ ಇಲ್ಲ. ಮೇಷ್ಟ್ರು ಅದನ್ನು ಹೊರಗೆಳೆದರೆ ಒಂದು ಅಕ್ಷತೆ ಕಾಳು ಟಪ್ ಅಂತ ಬಿತ್ತು. "ಹೆದರಬೇಡ, ನೆನಪಿಂದ ಟೈಪ್ ಮಾಡು" ಅಂದರು.

ದಿನಾ ಬೆಳಿಗ್ಗೆ ಒಲೆ ಮುಂದೆ ಹಾಲು ಕಾಯಿಸ್ತಾ ಗಟ್ಟಿಯಾಗಿ ಬಾಯಿಪಾಠ ಹೇಳ್ತಿದ್ದ ಪ್ರೋಗ್ರಾಮ್ ಅದು. ಈಗ ಒಂದಕ್ಷರ ಬರಲಿಲ್ಲ! ತಲೆ ತೊಳೆದಿಟ್ಟ ಹಂಡೆ ಆಗಿತ್ತು. ಜನ ಗುಸುಗುಸು ಅಂದರು. ಮಾವ ಕೈಗಡಿಯಾರ ನೋಡಿಕೊಂಡರು. ಮುಗೀತು ನನ್ನ ಕಥೆ ಅಂದ್ಕೊಂಡೆ.

ಆಗ ಹೆಂಗಸರ ಮಧ್ಯದಿಂದ ಅತ್ತೆ ಎದ್ದು ನಿಂತರು. "ಅದಾ? ದಿನಾ ಹೇಳ್ತಿದ್ಯಲ್ಲ, ಅದೇ ಅಲ್ವಾ? ನಂಗೆ ಬರುತ್ತೆ. ಆದ್ರೆ ರಾಗ ಇಲ್ದೆ ಬರಲ್ಲ."

ಅತ್ತೆ ಮದುವೆ ಮನೆಗಳಲ್ಲಿ ಹಸೆ ಹಾಡು ಹೇಳೋದರಲ್ಲಿ ಎತ್ತಿದ ಕೈ. ಸೆರಗು ಸರಿಮಾಡಿಕೊಂಡು, ಹಸೆಗೆ ಕರೆಯೋ ರಾಗದಲ್ಲೇ ಎತ್ತಿದರು: "ಹತ್ತೂ... ಪ್ರಿಂಟೂ... ಊಟಕೆ ಎಷ್ಟು ಜನಾ..."

ಹಸೆ ಹಾಡಿನಲ್ಲಿ ಒಬ್ಬರು ಹೇಳಿದ ಸಾಲನ್ನು ಉಳಿದವರು ತಿರುಗಿ ಹೇಳೋದು ಪದ್ಧತಿ. ಅಲ್ಲಿದ್ದ ಹೆಂಗಸರಿಗೆ ಸುಮ್ಮನಿರಕ್ಕಾಗುತ್ತಾ? ಎಲ್ಲರೂ ಒಟ್ಟಿಗೆ ಎತ್ತಿದರು: "ಪ್ರಿಂಟೂ... ಊಟಕೆ ಎಷ್ಟು ಜನಾ..." ಅವರು ತಿರುಗಿ ಹೇಳೋ ಹೊತ್ತಿಗೆ ನನ್ನದು ಟೈಪಾಗ್ತಿತ್ತು. "ಇಪ್ಪತ್ತೂ... ಇನ್‌ಪುಟೂ... ಎನ್ನೂ..." ಆಹಾ! ಮೈಯೆಲ್ಲ ಜುಮ್ ಅಂತಿತ್ತು ನನಗೆ!

ಮೇಳಿಗೆ ಮಾವನ ಸಾಲು ಬಂದಾಗ ಅತ್ತೆ ಮುಂದೆ ಕೂತಿದ್ದ ಅವರನ್ನು ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಹಾಡಿದರು. ಉಳಿದ ಹೆಂಗಸರು ಮಾತ್ರ ಗಟ್ಟಿಯಾಗೇ ಹೇಳಿದರು. ಕೊನೇ ಸಾಲು: "ಎಂಬತ್ತೂ... ಪ್ರಿಂಟೂ... ಅಯ್ಯೋ ಹಾಲೂ..."

ದಿನಾ ನಾನು ಆ ಸಾಲಿಗೆ ಬರೋದಕ್ಕೂ ಹಾಲು ಉಕ್ಕೋದಕ್ಕೂ ಸರಿಹೋಗಿ, 'ಅಯ್ಯೋ ಹಾಲು!' ಅಂತ ಕೂಗಿಬಿಡ್ತಿದ್ದೆ. 'ಊಟಕ್ಕೆ ಏಳಿ' ಅಂತ ನಾನು ಹೇಳಿದ್ದನ್ನು ಅತ್ತೆ ಕೇಳಿದ್ದೇ ಇಲ್ಲ! ಆದರೆ ಆ ಭರದಲ್ಲಿ ಯೋಚನೆ ಮಾಡೋರು ಯಾರು? ಹೆಂಗಸರೆಲ್ಲ "ಅಯ್ಯೋ ಹಾಲೂ..." ಅಂದರು, ನನ್ನ ಬೆರಳು ಇಂಗ್ಲಿಷ್ ಅಕ್ಷರದಲ್ಲಿ ಅದನ್ನೇ ಒತ್ತಿತು. ರನ್ ಕೊಟ್ಟೆ.

ಊಟಕ್ಕೆ ಎಷ್ಟು ಜನ? ಮಾವ, "ಐವತ್ತು ಹಾಕು" ಅಂದರು. ಹಾಕಿದೆ. ಮುಂದಿನ ಪ್ರಶ್ನೆಯನ್ನು ಮೇಷ್ಟ್ರು ಗಟ್ಟಿಯಾಗಿ ಓದಿದರು: "ಮೇಳಿಗೆ ಮಾವ ಬರ್ತಾರಾ?"

ಮೇಳಿಗೆ ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಬರದೆ ಎಂತ? ನನ್ನ ಹೆಸರು ಹಿಡಿದು ಕರೀತಿದೆ! ಹೌದು ಅಂತ ಒತ್ತು ಮಗಾ!"

ಒತ್ತಿದೆ. ಅಕ್ಕಿಯ ಲೆಕ್ಕ ಬಂತು. ಅತ್ತೆ, "ಸರಿ ಇದೆ" ಅಂದರು. ಚಪ್ಪಾಳೆಯೋ ಚಪ್ಪಾಳೆ! ಅಷ್ಟರಲ್ಲಿ ಕೊನೇ ಸಾಲು ಮೂಡಿತು. ಮಾವ ಪರದೆ ಹತ್ತಿರ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಅ...ಯ್ಯೋ... ಹಾ...ಲು."

ಮಾವನ ಮುಖ ಬಿಳಿಚಿತು. ಕನ್ನಡಕ ಮೂಗಿನ ತುದಿಗೆ ಬಂತು. "ಅಯ್ಯೋ! ಹಾಲು ಇಳಿಸೋದು ಮರೆತೆ!" ಅಂದವರೇ ನನ್ನ ಕಡೆ ತಿರುಗಿದರು. "ಅಲ್ಲೇ ಹುಡುಗಿ, ಹೊಸನಗರದ ಒಲೆ ಮೇಲಿನ ಹಾಲು ಸಾಗರದಲ್ಲಿ ಕೂತ ಇದಕ್ಕೆ ಹೇಗೆ ಗೊತ್ತಾಯ್ತು? ಇಂಥ ವಿದ್ಯೆ ಬಿಡಬಾರದು. ನಾಳೆಯಿಂದಲೇ ಕೆಲಸಕ್ಕೆ ಹೋಗು!"

ನಿಜ ಹೇಳೋಣ ಅಂತ ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದರು.

ಹಾಲು ಹೋಯ್ತು, ಪಾತ್ರೆ ತಳ ಕರ್ರಗಾಯ್ತು, ನನಗೆ ಕೆಲಸ ಸಿಕ್ತು. ಅವತ್ತಿನಿಂದ ಮಾವ ಅಂಗಡಿಗೆ ಹೊರಟರೂ ಸರಿ, ಒಂದು ಸಲ ಒಲೆ ಇಣುಕಿ ನೋಡದೆ ಮನೆ ಬಿಟ್ಟವರಲ್ಲ. "ಯಾಕೆ ಮಾವ?" ಅಂತ ಕೇಳಿದರೆ ಧ್ವನಿ ತಗ್ಗಿಸಿ ಹೇಳೋರು:

"ಸುಮ್ನಿರು ಮಾರಾಯ್ತಿ. ಸಾಗರದಲ್ಲಿ ಗೊತ್ತಾಗುತ್ತೆ."