ಇಲಿ ತಿಂದ ಗುಂಡಿಗಳು

ಹೆಂಡತಿ: ಅಂಗಿ ಗುಂಡೀನ ಇಲಿ ತಿನ್ನುತ್ತೆ ಅಂತ ಈ ವಯಸ್ಸಲ್ಲಿ ನಾನು ನಂಬಬೇಕಾ?

ಗಂಡ: ಹಸಿವಾದ್ರೆ ಏನು ಬೇಕಾದ್ರೂ ತಿನ್ನುತ್ತೆ.

ಹೆಂಡತಿ: ನೂರ ಇಪ್ಪತ್ತೈದು ಲೋಟ ಗುಂಡಿ?

ಗಂಡ: ಒಂದೇ ಇಲಿ ಅಂತ ನಾನು ಹೇಳಿಲ್ವಲ್ಲ.

ಲೆಕ್ಕಿಗ: ಒಂದೋ, ಒಂದು ಹಿಂಡೋ, ಇಲಿಗೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ. ಕಳವು ಅಂತ ಬರೀಲಾ?

ಗಂಡ: ಬರೀರಿ. ಕೇಳದೆ ತಗೊಂಡು ಹೋದ್ಮೇಲೆ ಕಳವೇ ಅಲ್ವಾ.

ವರ್ಷಕ್ಕೊಂದು ದಿನ ಈ ಗುಂಡಿ ಅಂಗಡಿಯ ಬಾಗಿಲು ಹಾಕಿ ಉಳಿದ ಮಾಲು ಎಣಿಸುತ್ತಾರೆ. ಎಣಿಸುತ್ತಾರೆ ಅನ್ನುವುದು ಮರ್ಯಾದೆಯ ಮಾತು. ಗೋಡೆ ತುಂಬ ಡಬ್ಬಿಗಳಲ್ಲಿರುವ ಗುಂಡಿಗಳನ್ನು ಒಂದೊಂದಾಗಿ ಎಣಿಸುವ ತಾಳ್ಮೆ ಯಾರಿಗಿದೆ? ಹಾಗಾಗಿ ಗಂಡನ ಅಪ್ಪನ ಕಾಲದಿಂದಲೂ ಒಂದು ಸ್ಟೀಲ್ ಲೋಟದಲ್ಲಿ ಅಳೆಯುವುದು ರೂಢಿ. ಕೊಳ್ಳುವುದು ಲೋಟದ ಲೆಕ್ಕ, ದರ್ಜಿಗಳಿಗೆ ಮಾರುವುದು ಲೋಟದ ಲೆಕ್ಕ, ಪುಸ್ತಕಕ್ಕೆ ಏರುವುದೂ ಲೋಟದ ಲೆಕ್ಕವೇ. ಪ್ರತಿ ವರ್ಷ ಗಂಡ ಹೆಂಡತಿ ಜೊತೆಗೆ ಕೂತು ಅಳೆಯುತ್ತಿದ್ದರು. ಈ ಸಲ ಹೆಂಡತಿ ತಂಗಿಯ ಮನೆಗೆ ಹೋಗಿದ್ದ ದಿನವೇ ನೋಡಿ ಗಂಡ ಒಬ್ಬನೇ ಅಳೆದು ಮುಗಿಸಿದ್ದ. ಮನೆಯಲ್ಲಿ ತನ್ನ ಕಾಫಿ ಲೋಟವನ್ನೂ ತೊಳೆಯದವನು ಇಷ್ಟು ಕೆಲಸ ಮೈಮೇಲೆ ಹಾಕಿಕೊಂಡನೆಂದರೆ ಯಾರಿಗಾದರೂ ಅನುಮಾನ ಬರಬೇಕು.

ಲೆಕ್ಕಿಗ: ವರ್ಷದ ಮೊದಲಲ್ಲಿ ಇದ್ದದ್ದು ಇನ್ನೂರು ಲೋಟ. ಆಮೇಲೆ ಕೊಂಡದ್ದು ಮುನ್ನೂರು. ಒಟ್ಟು ಐನೂರು. ಮಾರಿದ್ದು ಇನ್ನೂರೈವತ್ತು, ಬಿಲ್ಲುಗಳಿವೆ. ಅಂದ್ಮೇಲೆ ಇನ್ನೂರೈವತ್ತು ಉಳೀಬೇಕು. ನೀವು ಅಳೆದದ್ದು ನೂರ ಇಪ್ಪತ್ತೈದು. ಸರಿಯಾಗಿ ಅರ್ಧ. ಇಷ್ಟು ಲೆಕ್ಕ ಇಟ್ಕೊಂಡು ತಿನ್ನೋ ಇಲಿ ಸಿಕ್ಕಿದ್ರೆ ನನ್ನ ಆಫೀಸಲ್ಲಿ ಕೆಲಸ ಕೊಡ್ತೀನಿ.

ಗಂಡ: ತಮಾಷೆ ಬಿಡಿ. ಕಣ್ಣಿಗೆ ಕಾಣ್ತಿರೋದನ್ನ ಬರ್ಕೊಳಿ.

ಲೆಕ್ಕಿಗ: ಹೋದ ತಿಂಗಳು ಬ್ಯಾಂಕಿನವರು ಬಂದಾಗ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇಲ್ಲ, ಅಷ್ಟು ಮಾಲಿದೆ ಅಂದಿದ್ರಿ.

ಗಂಡ: ಅವರು ಸಾಲ ಕೊಡೋರು. ಅವರ ಮುಂದೆ ಅಂಗಡಿ ತುಂಬಿರ್ಬೇಕು.

ಲೆಕ್ಕಿಗ: ತೆರಿಗೆಯವರ ಮುಂದೆ?

ಗಂಡ: ಅವರು ಕೇಳೋರು. ಅವರ ಮುಂದೆ ಖಾಲಿ ಇರ್ಬೇಕು.

ಹೆಂಡತಿ: ನನ್ನ ಮುಂದೆ?

ಗಂಡ ಡಬ್ಬಿಯೊಂದರ ಮುಚ್ಚಳ ತೆಗೆದು, ಒಳಗೆ ಏನೋ ಹುಡುಕುವವನಂತೆ ಬಗ್ಗಿದ.

ಹೆಂಡತಿ: ಲೆಕ್ಕದವ್ರೇ, ಈ ಅರ್ಧ ಹೋದದ್ದರಿಂದ ನನ್ನ ಪಾಲಿಗೆ ಏನಾಗುತ್ತೆ, ಅದನ್ನ ಹೇಳಿ.

ಲೆಕ್ಕಿಗ: ನೋಡೀಮ್ಮಾ, ಇದ್ದದ್ದು, ಕೊಂಡದ್ದು ಎರಡನ್ನೂ ಕೂಡಿಸಿ ಉಳಿದದ್ದನ್ನ ಕಳೀಬೇಕು. ಬರೋದು ಖರ್ಚಾದ ಮಾಲು. ಉಳಿದದ್ದು ಕಮ್ಮಿ ಆದಷ್ಟೂ ಖರ್ಚು ಜಾಸ್ತಿ, ಖರ್ಚು ಜಾಸ್ತಿ ಆದಷ್ಟೂ ಲಾಭ ಕಮ್ಮಿ. ಲೋಟಕ್ಕೆ ಕೊಂಡ ಬೆಲೆ ನಾನೂರು. ನೂರ ಇಪ್ಪತ್ತೈದು ಲೋಟ ಕಾಣಲ್ಲ ಅಂದ್ರೆ ಐವತ್ತು ಸಾವಿರ ಲಾಭ ಕಾಣಲ್ಲ.

ಹೆಂಡತಿ: ಮತ್ತೆ ಉಳಿಯೋ ಲಾಭ?

ಲೆಕ್ಕಿಗ: ಐವತ್ತೆರಡು ಸಾವಿರ ಇರ್ಬೇಕಾದಲ್ಲಿ ಎರಡು ಸಾವಿರ.

ಹೆಂಡತಿ: ಅದರಲ್ಲಿ ನನ್ನ ಕಾಲು ಭಾಗ?

ಗಂಡ: (ಡಬ್ಬಿಯೊಳಗಿಂದ) ಐನೂರು. ಈಗಲೇ ಕೊಡ್ತೀನಿ, ಚಿಲ್ಲರೆ ಇದೆ.

ಈ ಒಂದು ಲೆಕ್ಕ ಮಾತ್ರ ಅವನಿಗೆ ಕಾಗದ, ಪೆನ್ನು ಏನೂ ಇಲ್ಲದೆ ಬಂತು.

ಮೂರು ವರ್ಷದ ಹಿಂದೆ ಹೆಂಡತಿ ಹೊಲಿಗೆ ಮಾಡಿ ಕೂಡಿಟ್ಟ ಐವತ್ತು ಸಾವಿರವನ್ನು ಈ ಅಂಗಡಿಗೆ ಹಾಕಿದ್ದಳು. ಗಂಡ ಆಗ ದೊಡ್ಡ ಮನುಷ್ಯನಂತೆ ಪತ್ರ ಬರೆದುಕೊಟ್ಟಿದ್ದ. ವರ್ಷದ ಲಾಭದಲ್ಲಿ ಕಾಲು ಭಾಗ ಅವಳದು. ಬೇಡವೆಂದ ದಿನ ಹಾಕಿದ ದುಡ್ಡು ವಾಪಸ್ಸು, ದುಡ್ಡು ಇಲ್ಲದಿದ್ದರೆ ಅಷ್ಟು ಬೆಲೆಯ ಮಾಲು. ಎರಡು ವರ್ಷ ಲಾಭವೇ ಇಲ್ಲ ಎಂದು ಕೈ ತೊಳೆದುಕೊಂಡಿದ್ದ. ಈ ವರ್ಷ ಅಂಗಡಿಯ ಮೇಲಿನ ಕೋಣೆ ಖಾಲಿಯಾಗಿದೆ. ದೊಡ್ಡ ಕಿಟಕಿ, ಒಳ್ಳೆ ಬೆಳಕು, ಮೂರು ಮಿಷನ್ ಹಿಡಿಯುವಷ್ಟು ಜಾಗ. ಅಲ್ಲಿ ಹೊಲಿಗೆ ಕಲಿಸಬೇಕೆಂದು ಅವಳಿಗೆ ಬಹಳ ಆಸೆ. ಮುಂಗಡ ಹದಿಮೂರು ಸಾವಿರ ಕೇಳಿದ್ದಾರೆ, ಸೋಮವಾರದೊಳಗೆ ಕೊಡಬೇಕು. ಐನೂರು ಅನ್ನುವ ಮಾತು ಕೇಳಿ ಅವಳಿಗೆ ನಿಜಕ್ಕೂ ಸಂಕಟವಾಯಿತು.

ಮೇಜಿನ ಮೇಲೆ ಅಳತೆಯ ಲೋಟ ಇತ್ತು. ಅವಳು ಅದನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟಳು.

ಹೆಂಡತಿ: ಆಯ್ತು. ನೂರ ಇಪ್ಪತ್ತೈದು ಅಂತಲೇ ಬರ್ಕೊಳಿ.

ಗಂಡ: (ತಲೆ ಎತ್ತಿ) ನೋಡಿ, ಒಳ್ಳೆ ಮನೆತನದ ಹೆಣ್ಣು ಅಂದ್ರೆ ಹೀಗೆ.

ಹೆಂಡತಿ: ಸಹಿ ಹಾಕಿ.

ಗಂಡ ಅಡಿಗೆರೆ ಸಮೇತ ಉದ್ದಕ್ಕೆ ಸಹಿ ಹಾಕಿದ.

ಲೆಕ್ಕಿಗ: ಉಳಿದ ಮಾಲು ನೂರ ಇಪ್ಪತ್ತೈದು ಲೋಟ, ದರ ನಾನೂರು, ಒಟ್ಟು ಐವತ್ತು ಸಾವಿರ. ಮುಗೀತು.

ಹೆಂಡತಿ: ಮುಗೀಲಿಲ್ಲ. ನಾನು ಹಾಕಿದ ದುಡ್ಡೂ ಐವತ್ತು ಸಾವಿರ. ಇವತ್ತು ವಾಪಸ್ಸು ಬೇಕು.

ಗಂಡ: ಇವತ್ತು? ಗಲ್ಲಾಪೆಟ್ಟಿಗೇಲಿ ಮೂರು ಸಾವಿರ ಇಲ್ಲ ಕಣೇ.

ಹೆಂಡತಿ: ಪರವಾಗಿಲ್ಲ. ಮಾಲು ಕೊಡಿ. ಪತ್ರದಲ್ಲಿ ಹಾಗೇ ಇದೆಯಲ್ಲ.

ಗಂಡ: ಎಷ್ಟು ಮಾಲು?

ಲೆಕ್ಕಿಗ: ಪುಸ್ತಕದ ಪ್ರಕಾರ... ಎಲ್ಲಾ.

ಹೆಂಡತಿ ಮೂಲೆಯಿಂದ ಒಂದು ಗೋಣಿಚೀಲ ಎಳೆದು, ಕೊಡವಿ, ಬಾಯಿ ಬಿಚ್ಚಿ ಇಟ್ಟಳು. ಹತ್ತಿರದ ಡಬ್ಬಿ ಸುರಿದಳು.

ಗಂಡ: ನಿಲ್ಲೇ, ನಿಲ್ಲು. ಅಂಗಡೀಲಿರೋದು ನೂರ ಇಪ್ಪತ್ತೈದಕ್ಕಿಂತ ಜಾಸ್ತಿ ಇದೆ.

ಹೆಂಡತಿ: ಹೇಗೆ ಇರುತ್ತೆ? ನೀವೇ ಅಳೆದಿದ್ದೀರಿ.

ಗಂಡ: ಅಳೆದೆ. ಆದ್ರೆ ಈ ಲೋಟದಲ್ಲಿ ಅಳೆದೆ.

ಲೆಕ್ಕಿಗ: ಈ ಲೋಟಕ್ಕೇನಾಗಿದೆ?

ಗಂಡ: ದೊಡ್ಡದು.

ಲೆಕ್ಕಿಗ: ಎಷ್ಟು ದೊಡ್ಡದು?

ಗಂಡ: ಹಳೇ ಲೋಟದ ಎರಡರಷ್ಟು.

ಲೆಕ್ಕಿಗ: ಹಾಗಾದ್ರೆ ಹಳೇ ಲೆಕ್ಕದಲ್ಲಿ ಇನ್ನೂರೈವತ್ತು?

ಗಂಡ: ಇನ್ನೂರೈವತ್ತು. ಒಂದು ಗುಂಡೀನೂ ಕಳೆದಿಲ್ಲ. ಇಲಿ ಇಲ್ಲ, ಕಳವಿಲ್ಲ. ಅಂಗಡಿಗೆ ದೀಪ ಹತ್ತೋ ಬೋರ್ಡು ಹಾಕ್ಸೋಣ ಅಂತಿದ್ದೆ, ಇವಳ ಪಾಲು ಕೊಟ್ರೆ ದುಡ್ಡು ಸಾಲ್ತಿರ್ಲಿಲ್ಲ. ಅವಳ ಚೀಲ ಕಟ್ಟಿಸ್ಬೇಡಿ, ಆ ಹಾಳೆ ಹರಿದು ಹಾಕಿ.

ಲೆಕ್ಕಿಗ: ಸಹಿ ಆದ ಹಾಳೆ ಹರಿಯೋಕೆ ಬರಲ್ಲ. ತಿದ್ದಬಹುದು. ಕಾರಣ ನಿಮ್ಮ ಕೈಯಲ್ಲೇ ಬರೀಬೇಕು.

ಗಂಡ: ಏನಂತ ಬರೀಲಿ?

ಹೆಂಡತಿ: ಇದ್ದದ್ದನ್ನ ಇದ್ದಹಾಗೆ ಬರೀರಿ. ಹೆಂಡತಿ ಊರಲ್ಲಿ ಇಲ್ಲದಾಗ ಅಡುಗೆಮನೆಯಿಂದ ದೊಡ್ಡ ಲೋಟ ತಂದು ಅಳೆದೆ ಅಂತ.

ಅವನು ಬರೆದ. ಈ ಸಲ ಸಹಿಗೆ ಅಡಿಗೆರೆ ಇರಲಿಲ್ಲ. ಲೆಕ್ಕಿಗ ಮಾಲನ್ನು ಇನ್ನೂರೈವತ್ತಕ್ಕೆ ಏರಿಸಿದ, ಲಾಭವನ್ನು ಐವತ್ತೆರಡು ಸಾವಿರಕ್ಕೆ. ಕಾಲು ಭಾಗ ಹದಿಮೂರು ಸಾವಿರ. ಹೆಂಡತಿ ಆ ಅಂಕಿಯನ್ನು ಎರಡು ಸಲ ಓದಿದಳು. ಭಾನುವಾರ ರಾತ್ರಿಯೊಳಗೆ ಕೊಡುತ್ತೇನೆಂದು ಗಂಡ ಕೆಳಗೆ ಇನ್ನೊಂದು ಸಾಲು ಬರೆದ ಮೇಲೆಯೇ ಗೋಣಿಚೀಲ ಮತ್ತೆ ಡಬ್ಬಿಗೆ ಖಾಲಿಯಾಯಿತು. ಅವಳು ಮೇಜಿನ ಮೇಲಿನ ದೊಡ್ಡ ಲೋಟವನ್ನೂ, ಗಂಡ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದ ಹಳೇ ಲೋಟವನ್ನೂ ತೆಗೆದುಕೊಂಡು ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ, ತೊಳೆದು, ಕಾಫಿ ತಂದಳು. ದೊಡ್ಡ ಲೋಟ ತುಂಬ ಲೆಕ್ಕಿಗನಿಗೆ, ಚಿಕ್ಕದು ಗಂಡನಿಗೆ.

ಗಂಡ: ಇದೇನೇ, ಅರ್ಧ ಲೋಟಾನೇ ಇದೆ?

ಹೆಂಡತಿ: ತುಂಬಾನೇ ತಂದಿದ್ದೆ. ದಾರೀಲಿ ಇಲಿ ಕುಡೀತು.